ನಾಣ್ಯ ಬಗ್ಗಿಸೋ ಮ್ಯಾಜಿಕ್: ಜಾಸ್ತಿ ಖರ್ಚಿಲ್ದೆ ಯಾವ ವಿಧಾನ ಆರಿಸ್ಕೋಬೇಕು

ನಾಣ್ಯ ಬಗ್ಗಿಸೋ ಮ್ಯಾಜಿಕ್ ಕಲೀಬೇಕು ಅಂತ ಹೊರಟೋರು ಹೆಚ್ಚಾಗಿ ಮೊದ್ಲು ಹುಡುಕೋದೇ ಯಾವ ಗಿಮಿಕ್ (ಟ್ರಿಕ್‌ಗೆ ಅಂತಲೇ ಮಾಡಿದ ಗುಟ್ಟಿನ ಸಾಧನ) ಕೊಂಡ್ಕೊಳ್ಳೋದು ಅಂತ. ನಾನು ಹೇಳೋದು, ದುಡ್ಡು ಬಿಚ್ಚೋಕ್ ಮುಂಚೆ ಒಂದೇ ಒಂದು ವಿಷ್ಯ ತೀರ್ಮಾನ ಮಾಡ್ಕೊಳ್ಳಿ: ಬಗ್ಗೋ ನಾಣ್ಯ ನೋಡೋರದ್ದೇ ಆಗಿರ್ಬೇಕಾ, ಅದ್ರ ಮೇಲೆ ಅವ್ರು ಮಾರ್ಕರ್‌ನಲ್ಲಿ ಸೈನ್ ಮಾಡಿರ್ಬೇಕಾ? ಅಷ್ಟೆಲ್ಲಾ ಬೇಡ ಅಂದ್ರೆ ಗಿಮಿಕ್ ಬೇಕಾಗೇ ಇಲ್ಲ, ಮನೇಲಿರೋ ಎರಡು ಇಕ್ಕಳ ಸಾಕು. ಬೇಕೇ ಬೇಕು ಅನ್ನೋರು ಮಾತ್ರ ಖರ್ಚಿನ ಕಡೆ ಯೋಚ್ನೆ ಮಾಡಿ.

ಒಂದು ಪೈಸೆನೂ ಬೇಡದ ವಿಧಾನ ಒಂದಿದೆ, ಅದು ಬರೀ ಕಣ್ಣಿಗೆ ಮೋಸ. ನಾಣ್ಯದ ಎರಡೂ ಅಂಚನ್ನ ಎರಡು ಕೈಯ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಹಿಡ್ಕೊಂಡು, ಎರಡೂ ಕೈನ ಮುರಿಯೋ ಥರ ಒಳಗೆ ಹೊರಗೆ ಸ್ವಲ್ಪ ಬೇಗ ಆಡಿಸ್ತಾ ಇದ್ರೆ, ಕೈಗಳ ಕೋನ ಬದಲಾಗೋದ್ರಿಂದ ನಡುವೆ ಇರೋ ನಾಣ್ಯ ರಬ್ಬರ್ ಆದಂಗೆ ಕಾಣುತ್ತೆ. ಇಷ್ಟನ್ನೇ ಮಾಡಿ ನಿಲ್ಸಿದ್ರೆ ಯಾರೂ ಬೆರಗಾಗಲ್ಲ, ಆದ್ರೆ ನಿಜವಾಗ್ಲೂ ಬಗ್ಗಿದ ನಾಣ್ಯ ತೋರ್ಸೋಕ್ ಮುಂಚೆ ಇದನ್ನ ಎರಡು ಸಲ ಮಾಡಿ ತೋರ್ಸಿದ್ರೆ ಆಮೇಲೆ ಬರೋದಕ್ಕೆ ಎಷ್ಟು ಬಲ ಬರುತ್ತೆ ಅಂದ್ರೆ, ನೋಡ್ದೋರು 'ಕಣ್ಮುಂದೇನೇ ಬಗ್ತು' ಅಂತಾನೇ ನೆನಪಿಟ್ಕೊಳ್ತಾರೆ. ಹಾಗಾಗಿ ಇದನ್ನ ಬಿಡ್ಬೇಡಿ, ಕನ್ನಡಿ ಮುಂದೆ ಕೂತು ಕಲೀರಿ.

ನನ್ನ ಪ್ರಕಾರ ಹೊಸಬರಿಗೆ ಸರಿಯಾದ ಆಯ್ಕೆ ಅಂದ್ರೆ ಮೊದ್ಲೇ ಬಗ್ಗಿಸಿಟ್ಟ ನಾಣ್ಯ ಮತ್ತೆ ಒಂದು ಒಳ್ಳೆ ಸ್ವಿಚ್, ಅಂದ್ರೆ ಗೊತ್ತಾಗದಂಗೆ ಒಂದು ನಾಣ್ಯದ ಜಾಗಕ್ಕೆ ಇನ್ನೊಂದನ್ನ ತರೋ ಕೈಚಳಕ. ನಾಣ್ಯ ಬಗ್ಗಿಸೋಕೆ ಎರಡು ಇಕ್ಕಳ ತಗೊಂಡು ಬಾಯಿಗೆ ದಪ್ಪ ಬಟ್ಟೆ ಇಲ್ಲಾ ಚರ್ಮದ ತುಂಡು ಸುತ್ತಿ, ಇಲ್ದಿದ್ರೆ ಇಕ್ಕಳದ ಹಲ್ಲಿನ ಗುರುತು ನಾಣ್ಯದ ಮೇಲೆ ಕೂತ್ಕೊಳ್ಳುತ್ತೆ, ಅದನ್ನ ನೋಡಿದ ತಕ್ಷಣ ಎಲ್ಲಾ ಗೊತ್ತಾಗೋಗುತ್ತೆ. ಸರಿಯಾಗಿ ಅರ್ಧಕ್ಕೆ ಹಿಡಿದು ನಿಧಾನಕ್ಕೆ ಒತ್ತಿ, ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಇಕ್ಕಳ ಜಾರಿದ್ರೆ ನಾಣ್ಯ ಸಿಡಿಯುತ್ತೆ. ಬೆಂಚ್ ವೈಸ್ ಇದ್ರೆ ಇನ್ನೂ ಸಲೀಸು.

ಎಷ್ಟು ಬಗ್ಗಿಸ್ಬೇಕು ಅನ್ನೋದ್ರಲ್ಲಿ ಆಸೆ ಪಡಬೇಡಿ. ಸುಮಾರು 20 ಡಿಗ್ರಿ ಸಾಕು. ಯಾಕಂದ್ರೆ ಅಷ್ಟು ಬಗ್ಗಿದ್ರೆ ನಾಣ್ಯದ ಒಂದೊಂದು ಅರ್ಧಾನೂ ವಾಲೋದು 10 ಡಿಗ್ರಿ ಮಾತ್ರ, ನೇರ ಮುಂದಿನಿಂದ ನೋಡಿದ್ರೆ ಅಗಲ ಕಡಿಮೆ ಕಾಣೋದು ಬರೀ 1.5 ಶೇಕಡಾ ಅಷ್ಟೇ, ಅಂದ್ರೆ ಬಗ್ಗಿದ ನಾಣ್ಯನೇ ಬೆರಳ ತುದೀಲಿ ನೆಟ್ಟಗೆ ಅವ್ರ ಕಡೆ ಮುಖ ಮಾಡಿ ಹಿಡಿದ್ರೂ ಗುಂಡಗೇ ಕಾಣುತ್ತೆ. ಹೆಬ್ಬೆರಳಿಂದ ಉಜ್ಜುತ್ತಾ ನಿಧಾನಕ್ಕೆ ಪಕ್ಕಕ್ಕೆ ತಿರುಗಿಸ್ತಾ ಹೋದ್ರೆ ಆಗ ತಾನೇ ಬಗ್ಗುತ್ತಾ ಇದೆ ಅನ್ಸುತ್ತೆ. 45 ಡಿಗ್ರಿ ಬಗ್ಗಿಸಿದ್ರೆ ಈ ಸುಖ ಇಲ್ಲ, ಕೈಯಲ್ಲಿ ಬಚ್ಚಿಡೋದೂ ಕಷ್ಟ.

ಯಾವ ನಾಣ್ಯ ಅನ್ನೋದೂ ಮುಖ್ಯ. ಬಗ್ಗಿಸೋಕೆ ಬೇಕಾದ ಬಲ ದಪ್ಪದ ವರ್ಗಕ್ಕೆ ತಕ್ಕಂಗೆ ಏರುತ್ತೆ, ದಪ್ಪ ಎರಡು ಪಟ್ಟಾದ್ರೆ ಬಲ ನಾಲ್ಕು ಪಟ್ಟು ಬೇಕು, ಹಾಗಾಗಿ ಅಗಲ ಇದ್ದು ತೆಳ್ಳಗಿರೋದನ್ನ ಆರಿಸಿ. ಆಮೇಲೆ ಒಂದು ಅಯಸ್ಕಾಂತ ತಗೊಂಡು ಮುಟ್ಟಿಸಿ ನೋಡಿ: ಅಂಟ್ಕೊಂಡ್ರೆ ಹೆಚ್ಚಾಗಿ ಉಕ್ಕು, ಗಟ್ಟಿ ಇರುತ್ತೆ, ಮೇಲೆ ಬೇರೆ ಲೋಹದ ಲೇಪ ಇದ್ರೆ ಬಗ್ಗಿದ ಜಾಗದಲ್ಲಿ ಅದು ಬಿರುಕು ಬಿಡ್ಬಹುದು. ತಾಮ್ರ ಮುಕ್ಕಾಲು ಭಾಗ ನಿಕ್ಕಲ್ ಕಾಲು ಭಾಗ ಇರೋ ಕುಪ್ರೋನಿಕಲ್ ನಾಣ್ಯ ಬಗ್ಗಿಸೋಕೆ ಚೆನ್ನಾಗಿರುತ್ತೆ, ಅಲ್ಯೂಮಿನಿಯಂ ಅಂತೂ ಇನ್ನೂ ಮೆತ್ತಗೆ. ನಡುವೆ ಒಂದು ಲೋಹ, ಸುತ್ತ ಇನ್ನೊಂದು ಲೋಹದ ಬಳೆ ಇರೋ ನಾಣ್ಯದ ತಂಟೆಗೆ ಹೋಗ್ಬೇಡಿ, ಎರಡೂ ಬಿಟ್ಕೊಳ್ಳುತ್ತೆ. ಒಂದೇ ಮುಖಬೆಲೆಯ ನಾಣ್ಯ ಅಂತ ನಂಬ್ಕೊಂಡು ಕೂರೋಕೂ ಆಗಲ್ಲ, ಬ್ರಿಟನ್‌ನಲ್ಲಿ 2012ರಲ್ಲಿ 5 ಮತ್ತು 10 ಪೆನ್ಸ್ ನಾಣ್ಯಗಳನ್ನ ಕುಪ್ರೋನಿಕಲ್ ಬಿಟ್ಟು ನಿಕ್ಕಲ್ ಲೇಪದ ಉಕ್ಕಿಗೆ ಬದಲಾಯಿಸಿ ದಪ್ಪಾನೂ ಜಾಸ್ತಿ ಮಾಡಿದ್ರು, ನೋಡೋಕೆ ಎರಡೂ ಹೆಚ್ಚು ಕಮ್ಮಿ ಒಂದೇ, ಕೈಯಲ್ಲಿ ಬಗ್ಗಿಸೋಕೆ ಹೋದ್ರೆ ಬೇರೆ ಬೇರೆ. ಬಗ್ಗಿಸಿದ್ದನ್ನ ನೆಟ್ಟಗೆ ಮಾಡಿ ಮತ್ತೆ ಬಗ್ಗಿಸೋದೂ ಬೇಡ, ಲೋಹ ಪ್ರತಿ ಸಲಾನೂ ಗಡುಸಾಗ್ತಾ ಹೋಗಿ ಕೊನೆಗೆ ಸೀಳುತ್ತೆ.

ಈಗ ಸ್ವಿಚ್. ಬೋಬೋ ಸ್ವಿಚ್ ಅಂತ ಕರೆಯೋದು ಎಲ್ಲರಿಗೂ ಸಾಕಾಗುತ್ತೆ, ಕೈಚಳಕದಲ್ಲಿ ಇಷ್ಟು ಕೆಲಸಕ್ಕೆ ಬರೋದು ಕಡಿಮೆ. ಬಲಗೈ ಮಧ್ಯದ ಎರಡು ಬೆರಳ ಬುಡದಲ್ಲಿ ಬಗ್ಗಿದ ನಾಣ್ಯ ಮರೆಯಾಗಿ ಕೂತಿರುತ್ತೆ, ಅದೇ ಕೈಯ ಹೆಬ್ಬೆರಳು ತೋರುಬೆರಳ ತುದೀಲಿ ನೆಟ್ಟಗಿರೋ ನಾಣ್ಯ ಎಲ್ಲರಿಗೂ ಕಾಣುತ್ತಿರುತ್ತೆ. ಎಡಗೈಗೆ ಎಸೀತೀನಿ ಅನ್ನೋ ಥರ ಕೈ ಆಡಿಸ್ದಾಗ ಹೋಗೋದು ಮರೆಯಲ್ಲಿದ್ದದ್ದು, ಕಾಣ್ತಿದ್ದದ್ದನ್ನ ಹೆಬ್ಬೆರಳು ಒಳಗೆ ಎಳ್ಕೊಳ್ಳುತ್ತೆ. ಎಡಗೈ ತಕ್ಷಣ ಮುಚ್ಕೋಬೇಕು. ಸುಮ್ನೆ ನಿಜವಾಗಿ ಎಸೆಯೋದನ್ನ ಮೊದ್ಲು ಎರಡು ಮೂರು ಸಲ ಮಾಡಿ, ನಿಮ್ಮ ಕೈ ಹೇಗೆ ಹೋಗುತ್ತೆ ನೋಡ್ಕೊಂಡು ಸುಳ್ಳು ಎಸೆತಾನೂ ಹಾಗೇ ಮಾಡಿ, ವೇಗ ಬೇಕಾಗಿಲ್ಲ. ಮತ್ತೆ ಬಲಗೈಯಲ್ಲಿ ಉಳಿದ ನಾಣ್ಯಾನ ಏನಾದ್ರೂ ನೆಪ ಮಾಡಿ ಜೇಬಿಗೆ ಹಾಕಿ, ಪೆನ್ ತೆಗೆಯೋದೋ ಫೋನ್ ಒಳಗಿಡೋದೋ.

ಬಗ್ಗಿದ್ದು ಅಂತ ಗೊತ್ತಾಗೋ ಜಾಗ ನೋಡೋರ ಕೈಯೊಳಗೇ ಆದ್ರೆ ಚೆನ್ನ. ಅವ್ರ ಅಂಗೈ ಮೇಲೆ ಇಟ್ಟು ನೀವೇ ಅವ್ರ ಬೆರಳು ಮಡಚಿ ಮುಷ್ಟಿ ಮಾಡಿಸಿ, ಮುಷ್ಟಿ ಕೆಳಗೆ ತಿರುಗಿಸಿ, ಗಟ್ಟಿಯಾಗಿ ಹಿಡ್ಕೊಳ್ಳೋಕೆ ಹೇಳಿ. ಗಟ್ಟಿ ಹಿಡಿದಾಗ ಅವ್ರಿಗೆ ಅಂಚು ಚುಚ್ಚುತ್ತೆ, ಆಗ 'ಏನೋ ಆಗ್ತಿದೆ' ಅಂತ ಅವ್ರೇ ಹೇಳ್ತಾರೆ.

ಇನ್ನು ಸೈನ್ ಮಾಡಿದ ನಾಣ್ಯನೇ ಬಗ್ಗಿಸ್ಬೇಕು ಅಂದ್ರೆ ಸ್ವಿಚ್ ಕೆಲಸಕ್ಕೆ ಬರಲ್ಲ, ಕೈಯೊಳಗೆ ಅಡಗೋ ಬೆಂಡರ್ ಬೇಕು. ಸಂದಿನೊಳಗೆ ಅರ್ಧ ನಾಣ್ಯ ತೂರಿಸಿ ಲಿವರ್ ಥರ ಒತ್ತೋದು, ಅಷ್ಟೇ ಅದರ ತತ್ವ. ಕೊಳ್ಳೋ ಮುಂಚೆ ನೋಡ್ಬೇಕಾದ್ದು ಸಂದಿನ ಅಗಲ: ಅಮೆರಿಕದ ಕ್ವಾರ್ಟರ್ (ಕಾಲು ಡಾಲರ್) 1.75 ಮಿಲಿಮೀಟರ್ ದಪ್ಪ, ಹಾಫ್ ಡಾಲರ್ 2.15, ಒಂದಕ್ಕೆ ಅಂತ ಮಾಡಿದ್ದು ಇನ್ನೊಂದಕ್ಕೆ ತೂರಲ್ಲ, ಅಥವಾ ಸಡಿಲ ಆಗಿ ಅಲ್ಲಾಡುತ್ತೆ. ನಿಮ್ಮ ನಾಣ್ಯದ ದಪ್ಪ ಅಳೆದು ಆಮೇಲೆ ಕೇಳಿ. ಒಂದು ಕೈಯಲ್ಲಿ ಆಗುತ್ತಾ, ಸದ್ದು ಬರುತ್ತಾ, ಅಂಚಿಗೆ ಗೀರು ಬೀಳುತ್ತಾ, ಇವನ್ನೂ ವಿಚಾರಿಸಿ. ಚಿಕ್ಕದಾದಷ್ಟೂ ಅಡಗುತ್ತೆ, ಆದ್ರೆ ಲಿವರ್ ಗಿಡ್ಡ ಆಗಿ ಬಲ ಜಾಸ್ತಿ ಬೇಕು, ಇದನ್ನ ಜಾಹೀರಾತಿನಲ್ಲಿ ಹೇಳಲ್ಲ. ಎರಡು ಉಕ್ಕಿನ ಪಟ್ಟಿ ನಡುವೆ ವಾಷರ್ ಇಟ್ಟು ಬೋಲ್ಟ್ ಬಿಗಿದು ಮನೇಲೇ ಮಾಡ್ಕೋಬಹುದು, ಅದು ದೊಡ್ಡದಾಗೋದ್ರಿಂದ ತಯಾರಿಗೆ ಸರಿ, ಜನರ ಮುಂದೆ ಅಡಗಿಸೋಕೆ ಅಲ್ಲ.

ನಾಣ್ಯ ಯಾರ ಹತೋಟೀಲಿದೆ ಅನ್ನೋದು ಎಷ್ಟು ದೊಡ್ಡ ವಿಷ್ಯ ಅಂತ ತಿಳ್ಕೋಬೇಕು ಅಂದ್ರೆ 1973 ನೆನಪು ಮಾಡ್ಕೊಳ್ಳಿ. ಮನಸ್ಸಿನ ಶಕ್ತಿಯಿಂದ ಅಂತ ಹೇಳ್ಕೊಂಡು ಚಮಚ ಬಗ್ಗಿಸೋದಕ್ಕೆ ಹೆಸರಾಗಿದ್ದ ಯೂರಿ ಗೆಲ್ಲರ್ ಆ ವರ್ಷ ಅಮೆರಿಕದ ಜಾನಿ ಕಾರ್ಸನ್ ಅವರ ಟಿವಿ ಕಾರ್ಯಕ್ರಮಕ್ಕೆ ಬಂದಾಗ, ಮ್ಯಾಜಿಕ್ ಬಲ್ಲ ಕಾರ್ಸನ್ ತಂಡ, ಇಂಥ ಶಕ್ತಿಯ ಮಾತುಗಳನ್ನ ಬಯಲು ಮಾಡ್ತಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿ ಸಲಹೆ ತಗೊಂಡು ವಸ್ತುಗಳನ್ನ ತಾವೇ ತಂದಿಟ್ಟಿದ್ರು, ಮುಂಚೆ ಮುಟ್ಟೋಕೆ ಅವಕಾಶ ಕೊಡ್ಲಿಲ್ಲ, ಗೆಲ್ಲರ್ ಕೈಲಿ ಏನೂ ಆಗ್ಲಿಲ್ಲ. ನೀವೂ ಇದನ್ನ ಮ್ಯಾಜಿಕ್ ಅಂತಲೇ ತೋರ್ಸಿ, ಮನಸ್ಸಿನ ಶಕ್ತಿ ಅಂತ ನಂಬಿಸ್ಬೇಡಿ.

ಕಾನೂನಿನ ಮಾತು. ಚಲಾವಣೆಯಲ್ಲಿರೋ ನಾಣ್ಯ ಹಾಳುಮಾಡೋದಕ್ಕೆ ಎಷ್ಟೋ ದೇಶಗಳಲ್ಲಿ ನಿಯಮ ಇದೆ, ಒಂದೊಂದು ಕಡೆ ಒಂದೊಂದು ಥರ, ನೀವಿರೋ ಕಡೆ ಏನಿದೆ ನೋಡ್ಕೊಳ್ಳಿ. ಅನುಮಾನ ಇದ್ರೆ ಆಟದ ಟೋಕನ್ ಬಳಸಿ, ಟ್ರಿಕ್‌ಗೆ ಏನೂ ಕಡಿಮೆ ಆಗಲ್ಲ. ಬೇರೆಯವರ ನಾಣ್ಯ ಬಗ್ಗಿಸೋಕೆ ಅಡ್ಡಿ ಇಲ್ಲ ಅಂತಾದ್ರೂ ಮೊದ್ಲೇ ಕೇಳಿ, ಮತ್ತೆ ಅದೇ ಬೆಲೆಯ ನೆಟ್ಟಗಿರೋದೊಂದು ಜೇಬಲ್ಲಿ ಇಟ್ಕೊಂಡಿರಿ, ಬಗ್ಗಿದ್ದನ್ನ ನೆನಪಿಗೆ ಅಂತ ಅವ್ರಿಗೇ ಬಿಟ್ಟು ಇದನ್ನ ಬದಲಿಗೆ ಕೊಡೋಕೆ.