ಅಮೆರಿಕದ ಕಾಲೇಜಿಗೆ ಮಕ್ಕಳನ್ನು ಕಳಿಸುವ ಮೊದಲು ಸ್ವಲ್ಪ ಕೈ ಬಿಡಿ

ಅಲ್ಲಿ ಕಾಲೇಜು ಸೇರಿದ ಮೇಲೆ ಶೈಕ್ಷಣಿಕ ದಾಖಲೆಗಳ ಹಕ್ಕು ವಿದ್ಯಾರ್ಥಿಯದ್ದು. ಅದು 1974ರ ಫೆರ್ಪಾ ಕಾನೂನು. ನೀವು ಬೆಂಗಳೂರಿನಿಂದ ಫೋನ್ ಮಾಡಿ ಮಗನ ಮಾರ್ಕ್ಸ್ ಕೇಳಿದರೆ ಸಾಮಾನ್ಯವಾಗಿ ಅವನ ಒಪ್ಪಿಗೆ ಬೇಕು ಅನ್ನುತ್ತಾರೆ.

ಹಾಗಾಗಿ ಪಿಯುಸಿಯಲ್ಲೇ ಶುರು ಮಾಡಿ. ಬ್ಯಾಂಕ್ ಕೆಲಸ, ಡಾಕ್ಟರ್ ಅಪಾಯಿಂಟ್‌ಮೆಂಟ್, ಮಾರ್ಕ್ಸ್ ಕಡಿಮೆ ಬಂತು ಅಂತ ಲೆಕ್ಚರರ್ ಹತ್ತಿರ ಹೋಗಿ ಮಾತಾಡುವುದು, ಇವೆಲ್ಲ ಅವರೇ ಮಾಡಲಿ. ನೀವು ಜೊತೆಗೂ ಹೋಗಬೇಡಿ. ಒಂದೆರಡು ಸಲ ಬೈಸಿಕೊಂಡು ಬರುತ್ತಾರೆ, ಬರಲಿ ಬಿಡಿ.

ಜಾಸ್ತಿ ಕಷ್ಟ ಇರುವುದು ಅಲ್ಲಿನ ಕ್ಲಾಸು, ಕ್ಯಾಂಪಸ್ಸಿನ ವಾದ-ಚರ್ಚೆಗಳಲ್ಲಿ. ಶಿಕಾಗೋ ವಿಶ್ವವಿದ್ಯಾಲಯ 2016ರಲ್ಲಿ ಹೊಸ ವಿದ್ಯಾರ್ಥಿಗಳಿಗೆ ಪತ್ರ ಬರೆದು, ವಿವಾದ ಆಗುತ್ತದೆ ಅಂತ ಅತಿಥಿ ಭಾಷಣ ರದ್ದು ಮಾಡುವುದಿಲ್ಲ, ಇಷ್ಟವಿಲ್ಲದ ವಿಚಾರಗಳಿಂದ ಅಡಗಿಕೊಳ್ಳುವ ಜಾಗಗಳನ್ನೂ ಒಪ್ಪುವುದಿಲ್ಲ ಅಂತ ನೇರವಾಗಿ ಹೇಳಿತ್ತು. ಎಲ್ಲ ಕ್ಯಾಂಪಸ್ಸೂ ಹೀಗಿಲ್ಲ, ಆ ಪತ್ರಕ್ಕೂ ಸಾಕಷ್ಟು ವಿರೋಧ ಬಂದಿತ್ತು. ನಮ್ಮ ಮನೆಗಳಲ್ಲೋ "ದೊಡ್ಡವರಿಗೆ ಎದುರು ಮಾತಾಡಬೇಡ" ಅಂತ ಬಾಯಿ ಮುಚ್ಚಿಸಿರುತ್ತೇವೆ, ಆಮೇಲೆ ಸೆಮಿನಾರಿನಲ್ಲಿ ಮಾತಾಡು ಅಂದರೆ ಹೇಗೆ ಅಲ್ವಾ?

ಊಟದ ಹೊತ್ತಿಗೆ ಮೀಸಲಾತಿಯೋ ಹಿಂದಿ ಹೇರಿಕೆಯೋ, ಬಿಸಿ ಇರುವ ವಿಷಯವನ್ನೇ ಎತ್ತಿ. ಮೊದಲು ಎದುರಿನವರ ವಾದವನ್ನು ಅವರು ಒಪ್ಪುವ ಹಾಗೆ ಹೇಳಬೇಕು, ಆಮೇಲೆ ತನ್ನದು. ನೀವು ಸೋತರೆ ಸೋತೆ ಅನ್ನಿ. ಸುಮ್ನೆ ದನಿ ಏರಿಸಬೇಡಿ.

ಬೆದರಿಕೆ, ಕಿರುಕುಳ ಬೇರೆ ಮಾತು. ಅದನ್ನು ಸಹಿಸಿಕೋ ಅನ್ನಬೇಡಿ, ಕಾಲೇಜಿಗೆ ದೂರು ಕೊಡಲಿ. ಮನಸ್ಸು ತೀರಾ ಕುಸಿದರೆ ಅಲ್ಲಿನ ಮಾನಸಿಕ ಬಿಕ್ಕಟ್ಟಿನ ಸಹಾಯವಾಣಿ 988ಕ್ಕೆ ಫೋನ್ ಮಾಡಬಹುದು, ನಂಬರ್ ಈಗಲೇ ಸೇವ್ ಮಾಡಿಸಿ.