ಪ್ರೊಸೆಸರ್ ಕಟ್ಟಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ

ಕಲಬುರಗಿಯ ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಮಕ್ಕಳ ಜೊತೆ ಕೂತು ಒಂದು ಸಣ್ಣ ಪ್ರೊಸೆಸರ್ ಕಟ್ಟಿದ್ದೇವೆ. ರಿಸ್ಕ್-ಫೈವ್ ಪ್ರೊಸೆಸರ್, ಅಂದರೆ ರಿಸ್ಕ್-ಫೈವ್ ಎಂಬ ಇನ್‌ಸ್ಟ್ರಕ್ಷನ್ ಸೆಟ್ (ಪ್ರೊಸೆಸರ್ ಪಾಲಿಸುವ ಆಜ್ಞೆಗಳ ಪಟ್ಟಿ) ಇಟ್ಟುಕೊಂಡು ಕಟ್ಟಿದ್ದು. ಅದನ್ನೇ ಯಾಕೆ ಆರಿಸಿದಿರಿ ಅಂತ ಬೀದರ್, ಯಾದಗಿರಿ ಕಡೆಯ ಮೇಷ್ಟ್ರುಗಳು ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ಆರ್ಮ್ ಕಂಪನಿಯ ಕೋರ್ (ಆಜ್ಞೆಗಳನ್ನು ನಡೆಸುವ ಸರ್ಕ್ಯೂಟಿನ ವಿನ್ಯಾಸ) ಹಾಕಿ ಚಿಪ್ ಮಾಡಬೇಕಾದರೆ ಲೈಸೆನ್ಸ್ ಬೇಕು. ಸಾಮಾನ್ಯವಾಗಿ ಮೊದಲು ಒಂದು ಮೊತ್ತ, ಆಮೇಲೆ ಒಂದೊಂದು ಚಿಪ್ಪಿಗೂ ರಾಯಲ್ಟಿ. ಅವರ ಇನ್‌ಸ್ಟ್ರಕ್ಷನ್ ಸೆಟ್ ಇಟ್ಟುಕೊಂಡು ಕೋರ್ ನಾವೇ ಬರೆಯುತ್ತೇವೆ ಅಂದರೆ ಅದಕ್ಕೆ ಬೇರೆಯೇ ಲೈಸೆನ್ಸ್. ಅದು ಆಪಲ್‌ನಂಥ ದೊಡ್ಡವರ ಮಾತು. ಪಿಸಿಗಳಲ್ಲಿರುವ ಎಕ್ಸ್86 ಎಂಬ ಇನ್‌ಸ್ಟ್ರಕ್ಷನ್ ಸೆಟ್ ಅಂತೂ ಹೆಚ್ಚುಕಮ್ಮಿ ಇಂಟೆಲ್, ಎಎಮ್‌ಡಿ ಕೈಯಲ್ಲೇ ಇದೆ.

ರಿಸ್ಕ್-ಫೈವ್ 2010ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಅದರ ದಾಖಲೆ ಇಳಿಸಿಕೊಂಡು ಕೋರ್ ಬರೆಯಿರಿ, ಮಾರಿ, ರಾಯಲ್ಟಿ ಇಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತೆರೆದಿರುವುದು ಇನ್‌ಸ್ಟ್ರಕ್ಷನ್ ಸೆಟ್, ಎಲ್ಲ ಕೋರ್‌ಗಳೂ ಅಲ್ಲ. ದುಡ್ಡಿಗೆ ಮಾರುವ ರಿಸ್ಕ್-ಫೈವ್ ಕೋರ್‌ಗಳೂ ಇವೆ. ಐಐಟಿ ಮದ್ರಾಸಿನ 'ಶಕ್ತಿ' ಕೋರ್‌ಗಳ ಕೋಡ್ ಯಾರು ಬೇಕಾದರೂ ಓದಬಹುದು. ಅದನ್ನು ಓದಿಯೇ ನಮಗೆ ಧೈರ್ಯ ಬಂದದ್ದು.

ರಿಸ್ಕ್-ಫೈವ್‌ನ ಆರ್‌ವಿ32ಐ ಎಂಬ ಮೂಲ ಸೆಟ್‌ನಲ್ಲಿ ಇರುವುದು ಸುಮಾರು 40 ಇನ್‌ಸ್ಟ್ರಕ್ಷನ್. ಕೋರನ್ನು ವೆರಿಲಾಗ್ ಎಂಬ ಸರ್ಕ್ಯೂಟ್ ವಿವರಿಸುವ ಭಾಷೆಯಲ್ಲಿ ಬರೆದು, ಐಕಾರಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಸಿಮ್ಯುಲೇಟ್ ಮಾಡಿದೆವು. ಲ್ಯಾಬಿನ ಹಳೆ ಕಂಪ್ಯೂಟರ್ ಸಾಕಾಯಿತು.

ಪ್ರೋಗ್ರಾಂನಲ್ಲಿ ಬೇರೆ ಜಾಗಕ್ಕೆ ಜಿಗಿಸುವ ಬ್ರಾಂಚ್ ಇನ್‌ಸ್ಟ್ರಕ್ಷನ್ ಹತ್ತಿರ ಒಬ್ಬ ಹುಡುಗಿ ತಡೆದಳು. "ಸರ್, ಎಷ್ಟು ದೂರ ಜಿಗೀಬೇಕು ಅನ್ನೋ ನಂಬರಿನ ಬಿಟ್‌ಗಳನ್ನ ಹಿಂಗ್ಯಾಕ ಚೆಲ್ಲಾಪಿಲ್ಲಿ ಮಾಡ್ಯಾರ್ರೀ?" ಒಳ್ಳೆ ಪ್ರಶ್ನೆ. ಆ ನಂಬರಿನ 11ನೇ ಬಿಟ್ ಹೋಗಿ ಇನ್‌ಸ್ಟ್ರಕ್ಷನ್ನಿನ 7ನೇ ಜಾಗದಲ್ಲಿ ಕೂತಿದೆ. ಅದರ ಕೆಳಗೇ, ಮೆಮೊರಿಗೆ ಡೇಟಾ ಹಾಕುವ ಸ್ಟೋರ್ ಇನ್‌ಸ್ಟ್ರಕ್ಷನ್ ಬರೆಯಿಸಿದೆ. 1ರಿಂದ 10ರವರೆಗಿನ ಬಿಟ್‌ಗಳು ಎರಡರಲ್ಲೂ ಅದೇ ಜಾಗದಲ್ಲಿವೆ. ಚಿಹ್ನೆಯ ಬಿಟ್ ಎರಡರಲ್ಲೂ 31ರಲ್ಲೇ. ಜಾಗ ಬದಲಾಗದಿದ್ದರೆ ಅಷ್ಟು ಮಲ್ಟಿಪ್ಲೆಕ್ಸರ್ (ಹಲವು ಸಿಗ್ನಲ್‌ಗಳಲ್ಲಿ ಒಂದನ್ನು ಆರಿಸುವ ಸರ್ಕ್ಯೂಟ್) ಉಳಿಯಿತು, ಅಲ್ವಾ? ಕಾಗದದ ಮೇಲೆ ಗೋಜಲು, ಸರ್ಕ್ಯೂಟಿನಲ್ಲಿ ಉಳಿತಾಯ. ಬರೀ ಪ್ರೋಗ್ರಾಂ ಬರೆಸುತ್ತಿದ್ದ ವರ್ಷಗಳಲ್ಲಿ ಇಂಥ ಪ್ರಶ್ನೆ ನನ್ನ ಕ್ಲಾಸಿನಲ್ಲಿ ಬಂದಿರಲಿಲ್ಲ.

ಆಮೇಲೆ ಟ್ಯಾಂಗ್ ನ್ಯಾನೋ 9ಕೆ ಎಂಬ ಎಫ್‌ಪಿಜಿಎ (ಬೇಕಾದ ಸರ್ಕ್ಯೂಟಾಗಿ ಹೊಂದಿಸಿಕೊಳ್ಳಬಹುದಾದ ಚಿಪ್) ಬೋರ್ಡಿಗೆ ಇಳಿಸಿದೆವು. ಅದರಲ್ಲಿ 8640 ಲಟ್‌ಗಳಿವೆ, ಅಂದರೆ ಸರ್ಕ್ಯೂಟ್ ಕಟ್ಟುವ ಸಣ್ಣ ಲಾಜಿಕ್ ತುಣುಕುಗಳು. ನಮ್ಮ ಕೋರ್‌ಗೆ ಧಾರಾಳ. ಜಿಸಿಸಿ ಎಂಬ ಕಂಪೈಲರ್ ಇನ್‌ಸ್ಟ್ರಕ್ಷನ್‌ಗಳಾಗಿ ಬದಲಿಸಿಕೊಟ್ಟ ಸಿ ಭಾಷೆಯ ಪ್ರೋಗ್ರಾಂ ಅದರ ಮೇಲೆ ಓಡಿ ಎಲ್‌ಇಡಿ ಮಿನುಗಿಸಿತು. ಕಂಪೈಲರನ್ನು ನಾವು ಮುಟ್ಟಲೇ ಇಲ್ಲ. ಎಲ್ಲರೂ ಒಂದೇ ಇನ್‌ಸ್ಟ್ರಕ್ಷನ್ ಸೆಟ್ ಒಪ್ಪಿಕೊಂಡಿರುವುದರ ದೊಡ್ಡ ಲಾಭವೇ ಇದು.

ಈಗಿನ ಬ್ಯಾಚ್ ಗುಣಾಕಾರ, ಭಾಗಾಕಾರ ಸೇರಿಸುತ್ತಿದೆ. ಅದಕ್ಕೆ 'ಎಂ' ಎಂಬ ಪ್ರತ್ಯೇಕ ಭಾಗವಿದೆ. ಬೇಕಾದವರು ಸೇರಿಸಿಕೊಳ್ಳಬಹುದು. ಗುಣಾಕಾರ ಬೇಗ ಮುಗಿಯಿತು. ಭಾಗಾಕಾರ ಇನ್ನೂ ನಡೆದಿದೆ.