ಲೇಸರ್‌ಗೆ ಮುಂಗಡ ಕಟ್ಟುವ ಮೊದಲು

ಮದುವೆ ಗೊತ್ತಾದ ಕೂಡಲೇ ಕಣ್ಣಿಗೆ ಲೇಸರ್ ಮಾಡಿಸಿ ಕನ್ನಡಕ ಬಿಡಬೇಕು ಅಂತ ಮಡಿಕೇರಿ, ವಿರಾಜಪೇಟೆಯಿಂದ ಮೈಸೂರಿಗೆ ಓಡುವವರಿದ್ದಾರೆ. ಅಲ್ಲಿ ‘ನಿಮಗೆ ಆಗಲ್ಲ’ ಅಂದಾಗ ಬೇಜಾರಾಗುತ್ತದೆ. ಮುಂಗಡ ಆಮೇಲೆ, ಪರೀಕ್ಷೆ ಮೊದಲು.

ವಯಸ್ಸು 18 ತುಂಬಿರಬೇಕು. ಒಂದು ವರ್ಷದಿಂದ ಪವರ್ ಹೆಚ್ಚುಕಡಿಮೆ ಹಾಗೇ ಇರಬೇಕು. ನನ್ನ ಕೇಳಿದರೆ 21ರ ತನಕ ಕಾಯಿರಿ. ಹಳೆ ಚೀಟಿಗಳನ್ನು ಜೊತೆಗೆ ಒಯ್ಯಿರಿ.

ಬಸುರಿಯರಿಗೆ, ಹಾಲೂಡಿಸುವವರಿಗೆ ಸದ್ಯಕ್ಕೆ ಬೇಡ. ಹತೋಟಿಯಲ್ಲಿಲ್ಲದ ಶುಗರ್, ರುಮಟಾಯ್ಡ್ ಸಂಧಿವಾತ, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ), ಒಣಗಣ್ಣು ಇದ್ದರೆ ಮುಚ್ಚಿಡಬೇಡಿ. ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಮಾತ್ರೆಯನ್ನೂ ಹೇಳಿ. ಅದು ಕಣ್ಣನ್ನು ಒಣಗಿಸುತ್ತದೆ.

ಜನ ಎಡವುವುದು ಕಾರ್ನಿಯಾ ಸ್ಕ್ಯಾನ್‌ನಲ್ಲಿ. ಕರಿಗುಡ್ಡೆಯ ಮುಂದಿರುವ ಗಾಜಿನಂಥ ಪದರವೇ ಕಾರ್ನಿಯಾ. ಲೇಸರ್ ಅದನ್ನೇ ಕೆತ್ತುವುದು. ಅದರ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ. ಲ್ಯಾಸಿಕ್ ಅನ್ನುವ ಲೇಸರ್ ವಿಧಾನದಲ್ಲಿ ಮೇಲಿನ ಪದರ ಎತ್ತಿ, ಕೆತ್ತಿದ ಮೇಲೂ ಅಡಿಯಲ್ಲಿ ಕನಿಷ್ಠ 250 ಮೈಕ್ರಾನ್ ಉಳಿಯಬೇಕು. ಪವರ್ ಹೆಚ್ಚಿದಷ್ಟೂ ಜಾಸ್ತಿ ಕೆತ್ತಬೇಕು; ಕಾರ್ನಿಯಾ ತೆಳುವಾಗಿದ್ದು ಪವರ್ ಮೈನಸ್ ಎಂಟೋ ಹತ್ತೋ ಇದ್ದರೆ ಲೆಕ್ಕ ಕೂಡುವುದಿಲ್ಲ.

ದಪ್ಪಕ್ಕಿಂತ ಆಕಾರ ಮುಖ್ಯ. ಕೆರಟೋಕೋನಸ್ ಅನ್ನುವ ಕಾಯಿಲೆ ಇದ್ದರೆ ಕಾರ್ನಿಯಾ ತೆಳುವಾಗುತ್ತಾ ಮುಂದಕ್ಕೆ ಉಬ್ಬುತ್ತದೆ. ಲೇಸರ್ ಮಾಡಿದರೆ ಇನ್ನೂ ಹದಗೆಡುತ್ತದೆ. ಶುರುವಿನಲ್ಲಿ ಕನ್ನಡಕದಲ್ಲೇ ಚೆನ್ನಾಗಿ ಕಾಣುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಸಿಲಿಂಡರ್ ಪವರ್ (ಕಾರ್ನಿಯಾದ ಓರೆಯನ್ನು ಸರಿದೂಗಿಸುವ ನಂಬರ್) ಪದೇಪದೇ ಬದಲಾದರೆ, ಮನೆಯಲ್ಲಿ ಯಾರಿಗಾದರೂ ಇದ್ದರೆ ಅನುಮಾನ ಪಡಿ. ಕಣ್ಣುಜ್ಜುವ ಚಾಳಿಯೂ ಇದಕ್ಕೆ ದಾರಿ. ಕಾಫಿ ಕಣದ ಧೂಳಿಗೆ ಕಣ್ಣು ತುರಿಸಿದರೆ ಬೆರಳಿನ ಗೆಣ್ಣಿನಿಂದ ಒತ್ತಿ ಒತ್ತಿ ಉಜ್ಜುತ್ತಾರಲ್ಲ, ಅದನ್ನು ಇವತ್ತೇ ಬಿಡಿ. ತುರಿಕೆಗೆ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಡ್ರಾಪ್ಸ್ ಅಂತೂ ಬೇಡವೇ ಬೇಡ, ಕಣ್ಣಿನ ಒತ್ತಡ ಏರಬಹುದು.

ಸ್ಕ್ಯಾನ್‌ಗೆ ಮುಂಚೆ ಕಾಂಟ್ಯಾಕ್ಟ್ ಲೆನ್ಸ್ ಬಿಡಬೇಕು. ಮೆದು ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿಯದಾದರೆ ಮೂರ್ನಾಲ್ಕು ವಾರ. ಬಸ್ಸಿಳಿದ ಮೇಲೆ ತೆಗೆದು ಡಬ್ಬಿಗೆ ಹಾಕಿಕೊಂಡು ಒಳಗೆ ಹೋದರೆ ಏನು ಬಂತು? ಲೆನ್ಸ್ ಒತ್ತಿದ ಕಾರ್ನಿಯಾ ತನ್ನ ಆಕಾರಕ್ಕೆ ಮರಳಲು ಸಮಯ ಬೇಕು. ಇಲ್ಲದಿದ್ದರೆ ಅಳತೆಯೇ ತಪ್ಪು.

ನಲವತ್ತರ ಆಸುಪಾಸಿನವರಿಗೆ ಓದುವ ಕನ್ನಡಕ ಹೇಗೂ ಬರುತ್ತದೆ, ಲೇಸರ್ ಅದನ್ನು ತಡೆಯುವುದಿಲ್ಲ. ಸೈನ್ಯಕ್ಕೆ ಸೇರುವ ಹುಡುಗರೇ, ಅರ್ಜಿ ಹಾಕುವ ಹುದ್ದೆಯ ಕಣ್ಣಿನ ನಿಯಮ ಮೊದಲು ಓದಿ. ಲೇಸರ್ ಆದವರನ್ನು ಎಲ್ಲದಕ್ಕೂ ತೆಗೆದುಕೊಳ್ಳುವುದಿಲ್ಲ.

ಕಾರ್ನಿಯಾ ತೆಳು ಅಂದರೆ ಐಸಿಎಲ್ (ಕಾರ್ನಿಯಾ ಕೆತ್ತದೆ ಕಣ್ಣಿನೊಳಗೆ ಕೂರಿಸುವ ಲೆನ್ಸ್) ಆಗುತ್ತದಾ ಅಂತ ಕೇಳಿ. ಪರೀಕ್ಷೆಯ ದಿನ ಪಾಪೆ ಅಗಲಿಸುವ ಡ್ರಾಪ್ಸ್ ಹಾಕುತ್ತಾರೆ. ಕೆಲವು ಗಂಟೆ ಕಣ್ಣು ಮಂಜು. ಕಾರಿನಲ್ಲಿ ಹೋದರೆ ಓಡಿಸಲು ಬೇರೆಯವರಿರಲಿ.